ಕೂಸಿನ ಬಟ್ಟೆಯಲ್ಲಿದ್ದ ವಾಸನೆ

ನಾನು ಕೆಲಸ ಮಾಡುತ್ತಿದ್ದ ಕಂಪ್ಯೂಟರಿನ ಪರದೆಯಲ್ಲಿ ಕಾಯಿಲೆಗಳೆಲ್ಲ ಮೇಲುಗಡೆ ಸಾಲಾಗಿ ನಿಂತಿರುತ್ತಿದ್ದವು. ಎಡಗಡೆ, ಮೇಲಿನಿಂದ ಕೆಳಕ್ಕೆ, ನಮ್ಮ ಮೈಯೊಳಗೆ ಹುಟ್ಟಿ ಕರಗುವ ಸಣ್ಣ ಸಣ್ಣ ವಸ್ತುಗಳ ಹೆಸರುಗಳು. ಉಂಡ ಅನ್ನ, ಕುಡಿದ ಹಾಲು ಒಳಗೆ ಒಡೆದು ಏನೇನಾಗುತ್ತದೋ ಅವೆಲ್ಲವೂ ಅಲ್ಲಿದ್ದವು. ಅವಕ್ಕೆ ಮೆಟಬೊಲೈಟ್ ಎನ್ನುತ್ತಾರೆ. ಇಂಥ ಕಾಯಿಲೆಯವರ ರಕ್ತದಲ್ಲಿ ಇಂಥ ವಸ್ತು ಹೆಚ್ಚಾಗಿಯೋ ಕಡಿಮೆಯಾಗಿಯೋ ಕಂಡಿದೆ ಎಂದು ಯಾರಾದರೂ ಬರೆದಿದ್ದರೆ, ಎರಡೂ ಕೂಡುವ ಜಾಗದಲ್ಲಿ ನಾನು ಒಂದು ಗುರುತು ಹಾಕಬೇಕು. ಬರೆದಿರದಿದ್ದರೆ ಖಾಲಿ ಬಿಡಬೇಕು.

ದೆಹಲಿಯ ವಸಂತ್ ಕುಂಜ್ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಗುತ್ತಿಗೆಯ ಮೇಲೆ ಸಿಕ್ಕಿದ ಕೆಲಸ ಅದು. ನಾನು ಓದಿದ್ದು ಪಿಯುಸಿ, ಮೇಲೆ ಟೈಪಿಂಗ್ ಪರೀಕ್ಷೆ. ಪ್ರಯೋಗಾಲಯ ಎಂದರೆ ಗಾಜಿನ ನಳಿಗೆಗಳು, ಬಣ್ಣದ ನೀರು ಇರುತ್ತವೆ ಎಂದುಕೊಂಡು ಹೋಗಿದ್ದೆ. ಅಲ್ಲಿ ಕಂಪ್ಯೂಟರುಗಳು, ಒಂದು ಕೂಲರು, ಗೋಡೆಗೆ ಒರಗಿಸಿದ ಒಂದು ಮುರಿದ ಕುರ್ಚಿ, ಇಷ್ಟೇ ಇದ್ದದ್ದು. ಮೈಸೂರಿನ ಕಡೆಯಿಂದ ಸಂಶೋಧನೆಗೆ ಬಂದ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂರುತ್ತಿದ್ದಳು. ಹಾಸ್ಟೆಲ್ ಊಟ ಸೇರದೆ ನನ್ನ ಡಬ್ಬಿಯ ಚಿತ್ರಾನ್ನಕ್ಕೆ ಕೈ ಹಾಕುತ್ತಿದ್ದವಳು, ಅದರ ಋಣಕ್ಕೆಂಬಂತೆ ಕೆಲಸದ ಅರ್ಥವನ್ನು ನನಗೆ ಬಿಡಿಸಿ ಹೇಳಿದಳು.

"ಅಕ್ಕಾ, ನೀವು ಕನ್ನಡದವರ ಮನೆ ಅರಿಶಿನ ಕುಂಕುಮಕ್ಕೆಲ್ಲ ಹೋಗ್ತೀರಲ್ಲ. ಇಬ್ಬರು ಹೆಂಗಸರು ಹೋಗೋ ಮನೆಗಳೆಲ್ಲ ಹೆಚ್ಚು ಕಡಿಮೆ ಒಂದೇ ಅಂತಿಟ್ಕೊಳ್ಳಿ. ಹೊಸ ಮನೆಗೆ ಒಬ್ಬಳು ಹೋದ್ರೆ ಇನ್ನೊಬ್ಬಳೂ ಅಲ್ಲಿಗೆ ಹೋಗಿರಬಹುದು ಅಂತ ಊಹೆ ಮಾಡಬಹುದು ತಾನೆ?"

"ಅವರಿಬ್ಬರೂ ಜಗಳ ಆಡಿಲ್ದಿದ್ರೆ."

"ಅದೇ ಕಷ್ಟ ಅಕ್ಕ! ಜಗಳ ಆಡಿದ್ದು ಡೇಟಾದಲ್ಲಿ ಇರಲ್ಲ."

ಅವಳ ಪ್ರೋಗ್ರಾಮು ಮಾಡುತ್ತಿದ್ದದ್ದು ಈ ಊಹೆಯನ್ನೇ. ಹೆಂಗಸರ ಜಾಗದಲ್ಲಿ ವಸ್ತುಗಳು, ಮನೆಗಳ ಜಾಗದಲ್ಲಿ ಕಾಯಿಲೆಗಳು. ಯಾರೂ ಇನ್ನೂ ಕಂಡಿಲ್ಲದ ನಂಟು ಯಾವ ವಸ್ತುವಿಗೆ ಯಾವ ಕಾಯಿಲೆಯ ಜೊತೆ ಇರಬಹುದು ಎಂದು ಅದು ಹೇಳಬೇಕು. ಊಹೆ ಸರಿಯೋ ತಪ್ಪೋ ತಿಳಿಯುವುದು ಹೇಗೆ ಎಂದು ಕೇಳಿದೆ. ಗೊತ್ತಿರುವ ಒಂದು ಗುರುತನ್ನು ಬೇಕೆಂದೇ ಅಳಿಸುತ್ತಾರಂತೆ. ಉಳಿದದ್ದನ್ನಷ್ಟೇ ನೋಡಿ ಯಂತ್ರ ಅದನ್ನು ತಾನಾಗಿ ಮತ್ತೆ ಹುಡುಕಿದರೆ, ಗೊತ್ತಿಲ್ಲದ ಕಡೆಯೂ ಅದನ್ನು ಸ್ವಲ್ಪ ನಂಬಬಹುದು. "ಖಾಲಿ ಜಾಗ ಅಂದ್ರೆ ನಂಟು ಇಲ್ಲ ಅಂತಲ್ಲ ಅಕ್ಕ. ಯಾರೂ ನೋಡಿಲ್ಲ ಅಂತ" ಎಂದು ಅವಳು ಆಗಾಗ ಹೇಳುತ್ತಿದ್ದಳು. ನಾನು ತಲೆಯಾಡಿಸಿ ಟೈಪು ಮಾಡುತ್ತಿದ್ದೆ.

ನಾನು ಇದನ್ನೆಲ್ಲ ಬರೆಯುತ್ತಿರುವುದು ನನ್ನ ಅತ್ತೆಗಾಗಿ. ಅವರು ಹೋದ ಮೇಲೆ ಒಂದು ಚಳಿಗಾಲ ಕಳೆದಿದೆ. ಅವರು ನನ್ನ ತಂದೆಯ ಅಕ್ಕ. ಅವರ ಮಗನನ್ನೇ ಮದುವೆಯಾದ ಮೇಲೆ ಎರಡು ಲೆಕ್ಕದಲ್ಲೂ ಅತ್ತೆಯಾದರು. ನಮ್ಮ ಕಡೆ ಇದು ಹೊಸದೇನಲ್ಲ. ಅತ್ತೆಯೂ ತಮ್ಮ ಸ್ವಂತ ಸೋದರಮಾವನನ್ನೇ ಮದುವೆಯಾಗಿದ್ದವರು. ಮದುವೆಯಾದ ಹೊಸತರಲ್ಲಿ ನಾವು ಕರೋಲ್ ಬಾಗ್‌ನಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದೆವು. ಮನೆಯೊಡತಿ ಪಂಜಾಬಿ ಹೆಂಗಸು. ನಮ್ಮ ಸಂಬಂಧ ತಿಳಿದ ದಿನ ಕೆನ್ನೆಗೆ ಕೈಯಿಟ್ಟುಕೊಂಡು, "ಹಾಯ್ ರಾಮ್, ಬುವಾ ಕಾ ಲಡ್ಕಾ? ವೋ ತೋ ಭಾಯೀ ಹುವಾ ನಾ!" ಎಂದಿದ್ದರು. ಸೋದರತ್ತೆಯ ಮಗ ಅವರ ಲೆಕ್ಕದಲ್ಲಿ ಅಣ್ಣ. ಅತ್ತೆ ತಮ್ಮ ಅರೆಬರೆ ಹಿಂದಿಯಲ್ಲಿ, "ಆಪ್ ಕಾ ಭಾಯೀ, ಹಮಾರಾ ಪತಿ" ಎಂದು ಉತ್ತರ ಕೊಟ್ಟು ಒಳಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ದೆಹಲಿಯ ಕನ್ನಡದ ಮನೆಗಳಲ್ಲಿ ಅತ್ತೆಯನ್ನು ಅರಿಯದವರು ಕಡಿಮೆ. ಊರಿನಿಂದ ತಾಯಿ ಬರಲಾಗದ ಎಷ್ಟೋ ಹುಡುಗಿಯರಿಗೆ ಬಾಣಂತನ ಮಾಡಿದವರು. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಕುಲಾವಿ ಕಟ್ಟಿ ಮಲಗಿಸಿ ಬರುತ್ತಿದ್ದರು. ಕೈಗೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಬಾಣಂತಿಗೆ ಅವರು ಕಟ್ಟುತ್ತಿದ್ದ ಮೆಂತ್ಯದ ಉಂಡೆ ಹೆಸರುವಾಸಿ. ಒಣಶುಂಠಿ, ಬೆಲ್ಲ, ಧಾರಾಳ ತುಪ್ಪ. ಕಹಿ ಎಂದು ಮುಖ ಕಿವುಚಿದ ಹುಡುಗಿಯರಿಗೆ, "ಗಂಡನ್ನ ಸಹಿಸ್ಕೊಂಡಿದ್ದೀಯಂತೆ, ಇದನ್ನ ತಿನ್ನೋಕೆ ಏನು ಕಷ್ಟ?" ಎನ್ನುತ್ತಿದ್ದರು.

ನನಗೆ ಹೆಣ್ಣು ಕೂಸು ಹುಟ್ಟಿದಾಗ ಅವರಿಗೆ ಹೇಳಲಾಗದ ಸಂಭ್ರಮ. ಮನೆಯ ತುಂಬ ಮೆಂತ್ಯ ಹುರಿದ ವಾಸನೆ. ಕೂಸಿನ ಒದ್ದೆ ಬಟ್ಟೆಯಲ್ಲೂ ಅದೇ, ಬೆಲ್ಲದ ಪಾಕ ತುಸು ಸೀದಂತೆ, ಮೆಂತ್ಯ ಬೆರೆತಂತೆ. ಮನೆಯೊಡತಿ ಎತ್ತಿಕೊಂಡು ಮೂಸಿ, "ಪೂರೀ ಮೇಥೀ ಕಾ ಲಡ್ಡೂ ಹೈ ಯೇ ಗುಡಿಯಾ!" ಎಂದರು, ಈ ಗೊಂಬೆ ಪೂರಾ ಮೆಂತ್ಯದ ಉಂಡೆ ಎಂದು. ತಾಯಿ ತಿಂದದ್ದು ಮಗಳ ಮೈಗೆ ಹತ್ತಿದೆ ಎಂದು ಎಲ್ಲರೂ ನಕ್ಕೆವು. ಅತ್ತೆ ನಕ್ಕರೋ ಇಲ್ಲವೋ ನಾನು ನೋಡಲಿಲ್ಲ.

ಮೊದಲ ಕೆಲವು ದಿನ ಕೂಸು ಚೆನ್ನಾಗಿಯೇ ಇತ್ತು. ಆಮೇಲೆ ಮೊಲೆ ಹಿಡಿಯುವುದನ್ನು ಬಿಟ್ಟಿತು. ಅಳು ಸಣ್ಣದಾಯಿತು. ಮೈ ಒಮ್ಮೆ ಬಟ್ಟೆಯ ಹಾಗೆ ಜೋಲುವುದು, ಒಮ್ಮೆ ಬಿಲ್ಲಿನಂತೆ ಸೆಟೆಯುವುದು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತಕ್ಕೆ ಸೋಂಕು ತಗಲಿದೆ ಎಂದರು, ಔಷಧ ಹಾಕಿದರು. ಹೆಸರಿಡುವುದಕ್ಕೆ ಮೊದಲೇ ಹೋಯಿತು. ನಮ್ಮವರು ತಮ್ಮ ಆಫೀಸಿನ ಒಬ್ಬರನ್ನು ಜೊತೆಗೆ ಕರೆದುಕೊಂಡು, ನನ್ನ ಹಳೆಯ ಸೀರೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿ ಇಲ್ಲ.

ಬಂದವರೆಲ್ಲ ಏನಾಯಿತೆಂದು ಕೇಳುತ್ತಾರಲ್ಲ. ಅತ್ತೆ ಯಾರಿಗೂ ಸೋಂಕಿನ ಮಾತು ಹೇಳಲಿಲ್ಲ. "ನನ್ನದೇ ತಪ್ಪು. ಮೆಂತ್ಯ ಶುಂಠಿ ಎಲ್ಲ ಕೈ ಮೀರಿ ಹಾಕಿದೆ. ಕೂಸಿಗೆ ಉಷ್ಣ ಆಯ್ತು. ಬಟ್ಟೆ ಮೂಸಿದ್ರೇ ಗೊತ್ತಾಗ್ತಿತ್ತು" ಎಂದು ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳಿದರು. ಬೇಡ ಅತ್ತೆ ಎಂದರೂ ಕೇಳಲಿಲ್ಲ. ಹೇಳಿದ ಮಾತು ಮನೆಯಿಂದ ಮನೆಗೆ ಹೋಯಿತು. ಬಾಣಂತನಕ್ಕೆ ಕರೆಯುವುದು ನಿಂತಿತು. ಒಂದು ಅರಿಶಿನ ಕುಂಕುಮದಲ್ಲಿ, ಅತ್ತೆ ಕೈ ಚಾಚಿದಾಗ ಒಬ್ಬ ತಾಯಿ ತನ್ನ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಅತ್ತೆ ಚಾಚಿದ ಕೈಯಿಂದಲೇ ಸೆರಗು ಸರಿಮಾಡಿಕೊಂಡರು. ಅದನ್ನು ನೋಡಿ ನನಗೆ ಕೂಸು ಹೋದಾಗಿನಷ್ಟೇ ಸಂಕಟವಾಯಿತು.

ನಮಗೆ ಮತ್ತೆ ಮಕ್ಕಳಾಗಲಿಲ್ಲ. ಕಂಡ ಮದುಮಗಳನ್ನೆಲ್ಲ "ಏನಾದ್ರೂ ವಿಶೇಷ ಉಂಟೇನೇ?" ಎಂದು ಕಾಡುತ್ತಿದ್ದ ಅತ್ತೆ ನನ್ನನ್ನು ಒಂದು ಸಲವೂ ಕೇಳಲಿಲ್ಲ. ನನ್ನ ಮನಸ್ಸು ನೋಯಬಾರದೆಂದು ಸುಮ್ಮನಿದ್ದಾರೆ ಎಂದುಕೊಂಡಿದ್ದೆ. ಕೆಲವು ವರ್ಷದ ಮೇಲೆ ದ್ವಾರಕಾದ ಸೊಸೈಟಿಯೊಂದರ ಫ್ಲ್ಯಾಟಿಗೆ ಬಂದೆವು. ಅಲ್ಲಿ ನಮ್ಮ ಕಥೆ ತಿಳಿದವರು ಇರಲಿಲ್ಲ. ಪಕ್ಕದ ಮನೆಯಲ್ಲಿ ಕೂಸು ಅತ್ತರೆ ಅತ್ತೆ ಬಾಲ್ಕನಿಯ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಪ್ರಯೋಗಾಲಯದ ಕೆಲಸ ಸಿಕ್ಕಿದ್ದು ಆಮೇಲೆ. ಒಂದು ಮಧ್ಯಾಹ್ನ ಹುಡುಗಿ ಖುಷಿಯಿಂದ ನನ್ನ ಕುರ್ಚಿಯನ್ನು ತನ್ನ ಕಡೆ ಎಳೆದಳು. "ನೋಡಿ ಅಕ್ಕ, ಲ್ಯೂಸಿನ್ ಗುರುತು ಅಳಿಸಿದ್ದೆ. ಎಲ್ಲದಕ್ಕಿಂತ ಮೇಲೆ ಅದನ್ನೇ ಹುಡುಕಿಕೊಟ್ಟಿದೆ." ಲ್ಯೂಸಿನ್ ಎಂದರೆ ಹಾಲು, ಬೇಳೆಗಳ ಸತ್ವ ಒಡೆದಾಗ ಸಿಗುವ ವಸ್ತು. ಅದರ ಎದುರಿದ್ದ ಕಾಯಿಲೆಯ ಹೆಸರು ಮೇಪಲ್ ಸಿರಪ್ ಯೂರಿನ್ ಡಿಸೀಸ್. ಆ ಹೆಸರನ್ನು ನಾನೇ ಎಷ್ಟೋ ಸಲ ಟೈಪು ಮಾಡಿದ್ದೆ. ಮೂತ್ರ ಎಂಬ ಮಾತು ಬಿಟ್ಟರೆ ಏನೂ ತಿಳಿದಿರಲಿಲ್ಲ.

"ಮೇಪಲ್ ಸಿರಪ್ ಅಂದ್ರೆ ಏನು?"

"ಯಾವುದೋ ಮರದ ಪಾಕ ಅಕ್ಕ. ಆ ಕಡೆಯವರು ದೋಸೆ ಥರದ್ದೊಂದರ ಮೇಲೆ ಸುರ್ಕೊಂಡು ತಿಂತಾರಂತೆ. ಈ ಕಾಯಿಲೆ ಮಕ್ಕಳ ಮೂತ್ರ ಅದರ ಹಾಗೆ ವಾಸನೆ ಬರುತ್ತಂತೆ."

"ಅದು ಹೇಗಿರುತ್ತೆ ವಾಸನೆ?"

ಅವಳಿಗೆ ಗೊತ್ತಿರಲಿಲ್ಲ. ಚಹಾಕ್ಕೆ ಹೊರಟಿದ್ದ ಪ್ರೊಫೆಸರರನ್ನು ಕೇಳಿದಳು. ಅವರು ಹೊರದೇಶದಲ್ಲಿ ಕೆಲವು ವರ್ಷ ಇದ್ದವರು. ಬಾಗಿಲಲ್ಲೇ ನಿಂತು, "ಅರೇ, ಬಿಲ್ಕುಲ್ ಮೇಥೀ ಜೈಸೀ! ಮೇಥೀ ಔರ್ ಜಲೀ ಹುಯೀ ಚೀನೀ" ಎಂದು ಹೇಳಿ ಹೊರಟುಹೋದರು. ಮೆಂತ್ಯ, ಸೀದ ಸಕ್ಕರೆ.

ನಾನು ಅವಳಿಗೆ ಆ ಕಾಯಿಲೆಯ ವಿವರ ಓದು ಎಂದೆ. ಓದಿದಳು. ಹುಟ್ಟಿದಾಗ ಮಕ್ಕಳು ಚೆನ್ನಾಗಿರುತ್ತವೆ. ಹಾಲಿನ ಸತ್ವವನ್ನು ಪೂರ್ತಿ ಒಡೆಯುವ ಶಕ್ತಿ ಮೈಗೆ ಇರುವುದಿಲ್ಲ. ತಾಯಿಯ ಹಾಲೇ ಒಳಗೆ ವಿಷವಾಗಿ ಕೂಡುತ್ತ ಹೋಗುತ್ತದೆ. ಹಾಲು ಬಿಡುತ್ತವೆ, ಮೈ ಜೋಲುತ್ತದೆ, ಬಿಲ್ಲಿನಂತೆ ಸೆಟೆಯುತ್ತದೆ. ಅಲ್ಲಿಗೆ ಬಂದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ನನ್ನ ಕೂಸಿನ ವಿಷಯ ಅವಳಿಗೆ ಅಷ್ಟಿಷ್ಟು ಹೇಳಿದ್ದೆ.

"ಬಾಣಂತಿ ಮೆಂತ್ಯ ತಿಂದ್ರೆ ಹೀಗಾಗುತ್ತಾ?" ಎಂದು ಕೇಳಿದೆ.

ಅವಳು ಹುಡುಕಿ, ಓದಿ, ಆಮೇಲೆ ಹೇಳಿದಳು. "ಮೆಂತ್ಯದಿಂದ ಇಂಥ ವಾಸನೆ ಬರಬಹುದು ಅಕ್ಕ. ಡಾಕ್ಟರುಗಳೇ ಮೋಸ ಹೋಗಿದಾರಂತೆ. ಆದರೆ ಈ ಕಾಯಿಲೆ ಮೆಂತ್ಯದಿಂದ ಬರಲ್ಲ."

"ಮತ್ತೆ?"

ಅವಳು ನನ್ನ ಕಡೆ ನೋಡಲಿಲ್ಲ. "ತಂದೆ ತಾಯಿ ಇಬ್ಬರಲ್ಲೂ ಒಂದೇ ದೋಷ ಮುಚ್ಚಿಕೊಂಡಿರಬೇಕು. ರಕ್ತಸಂಬಂಧದಲ್ಲಿ ಮದುವೆ ಆದ್ರೆ ಹಾಗಾಗೋದು ಹೆಚ್ಚು." ಮೇಲೆ ಇಷ್ಟು ಸೇರಿಸಿದಳು. "ನಿಮ್ಮ ಪಾಪುಗೆ ಇದೇ ಆಗಿತ್ತು ಅಂತ ಈಗ ಯಾರೂ ಹೇಳೋಕಾಗಲ್ಲ. ರಕ್ತ ನೋಡಿದ್ರೆ ಮಾತ್ರ ಹೇಳಬಹುದಿತ್ತು."

"ಗೊತ್ತಾಗಿದ್ರೆ ಉಳಿಸಬಹುದಿತ್ತಾ?"

"ಬೇರೆ ಥರದ ಹಾಲಿನ ಪುಡಿ ಕೊಡ್ತಾರೆ, ಆ ಸತ್ವ ತೆಗೆದಿದ್ದು. ಆಗ ಇಲ್ಲಿ ಸಿಗ್ತಿತ್ತೋ, ಸಿಕ್ಕಿದ್ರೂ ಹೊತ್ತಿಗೆ ಸರಿಯಾಗಿ... ನಂಗೆ ಗೊತ್ತಿಲ್ಲ ಅಕ್ಕ."

ಆ ಸಂಜೆ ಬಸ್ಸಿನಲ್ಲಿ ಕೂತು ಯೋಚಿಸಿದ್ದು ಬರೀ ಅತ್ತೆಯ ವಿಷಯ. ಅವರ ತಲೆಯ ಮೇಲಿನ ಭಾರ ಇಳಿಸುವ ಮಾತು ಕೊನೆಗೂ ಸಿಕ್ಕಿತ್ತು. ಆದರೆ ಮೆಂತ್ಯದಿಂದಲ್ಲ ಎಂದರೆ, ಮತ್ತೆ ಯಾತರಿಂದ ಎಂದು ಕೇಳದೆ ಇರುವ ಹೆಂಗಸಲ್ಲ ಅವರು. ನನ್ನನ್ನು ಮಗನಿಗೆ ತಂದುಕೊಂಡವರೂ ಅವರೇ. ಬೇರೆ ಕಡೆ ಹೆಣ್ಣು ನೋಡೋಣ ಎಂದ ಮಾವನವರ ಬಾಯಿ ಮುಚ್ಚಿಸಿ, ತಮ್ಮನ ಮಗಳೇ ಆಗಬೇಕೆಂದು ಹಟ ಹಿಡಿದವರು. ಉಂಡೆಯ ಪಾಪ ಇಳಿಸಿ ಮದುವೆಯ ಪಾಪ ಹೊರಿಸುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ನಮ್ಮವರಿಗೆ ಹೇಳಿದೆ. ಅವರು ಟೀವಿಯ ಸದ್ದು ಕಡಿಮೆ ಮಾಡಿ, "ಹೇಳು. ಅರ್ಧ ಹೇಳು" ಎಂದರು. ಅರ್ಧ ಎಂದರೆ ಎಲ್ಲಿಯವರೆಗೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆ ಊಟದ ಮೇಜಿನ ಮುಂದೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ನಮ್ಮವರು ತರಕಾರಿ ತಂದಿಟ್ಟು, ಇನ್ನೇನೋ ನೆಪ ಮಾಡಿಕೊಂಡು ಕೆಳಗೆ ಹೋದರು. ನಾನು ಎದುರಿಗೆ ಕೂತೆ.

"ಅತ್ತೆ, ನಮ್ಮ ಕೂಸು ಹೋದದ್ದು ನಿಮ್ಮ ಮೆಂತ್ಯದಿಂದ ಅಲ್ಲ."

ಕೈ ನಿಲ್ಲಲಿಲ್ಲ. "ಯಾರು ಹೇಳಿದ್ದು? ನಿನ್ನ ಕಂಪ್ಯೂಟರೋ?"

"ಕಂಪ್ಯೂಟರು ಊಹೆ ಮಾಡುತ್ತೆ ಅಷ್ಟೆ. ಇದು ಊಹೆ ಅಲ್ಲ, ಡಾಕ್ಟರ ಪುಸ್ತಕದಲ್ಲಿದೆ. ಮೆಂತ್ಯದಿಂದ ಮಕ್ಕಳು ಸಾಯಲ್ಲ."

"ಗೊತ್ತು" ಎಂದರು ಅತ್ತೆ.

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡೆ.

"ಮೆಂತ್ಯ ಅಲ್ಲ ಅಂತ ಆವತ್ತೇ ಗೊತ್ತಿತ್ತು ಕಣೇ." ಈಗ ಕೈ ನಿಂತಿತು. "ನಿನ್ನ ಗಂಡನಿಗಿಂತ ಮೊದಲು ನಂಗೊಂದು ಗಂಡು ಕೂಸು ಹುಟ್ಟಿತ್ತು. ನಿನ್ನ ಗಂಡನಿಗೂ ಗೊತ್ತಿಲ್ಲ ಇದು. ನಮ್ಮಮ್ಮ ಆಗ ವಿಷಮಶೀತ ಜ್ವರ ಬಂದು ಮಲಗಿದ್ದಳು, ಬಾಣಂತನ ಮಾಡೋರು ಯಾರು? ಪಕ್ಕದ ಮನೆಯೋರು ಗಂಜಿ, ಮೆಣಸಿನ ಸಾರು ತಂದುಕೊಡ್ತಿದ್ರು. ಮೆಂತ್ಯದ ಒಂದು ಕಾಳು ಬಾಯಿಗೆ ಬಿದ್ದಿರಲಿಲ್ಲ. ಆದರೂ ಕೂಸು ಹಾಗೇ ಘಮ್ಮಂತಿತ್ತು. ಬಾಲಗ್ರಹ ಅಂದ್ರು, ತಾಯಿತ ಕಟ್ಟಿದ್ರು. ಹೋಯ್ತು."

ನಾನು ನಾರು ತೆಗೆದ ಕಾಯಿಗಳ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಕರೋಲ್ ಬಾಗಲ್ಲಿ ನಿನ್ನ ಕೂಸಿನ ಬಟ್ಟೆ ಒಗೆಯೋವಾಗ ಅದೇ ವಾಸನೆ ಮೂಗಿಗೆ ಬಡೀತು. ಇದು ಮೆಂತ್ಯದ್ದೇ ಆಗಿರಲಿ ದೇವರೇ ಅಂದ್ಕೊಂಡೆ. ನೋಡೋಣ ಅಂತ ನಿಂಗೆ ಉಂಡೆ ಕೊಡೋದು ನಿಲ್ಲಿಸಿದೆ. ತುಪ್ಪ ಖರ್ಚಾಗಿದೆ ಅಂತ ಸುಳ್ಳು ಹೇಳಿದ್ದೆ. ವಾಸನೆ ಹೋಗಲಿಲ್ಲ, ಇನ್ನೂ ಜೋರಾಯ್ತು. ಆಗ ಮತ್ತೆ ಉಂಡೆ ಕಟ್ಟಿದೆ. ಮೊದಲಿಗಿಂತ ಜಾಸ್ತಿನೇ ಕೊಟ್ಟೆ."

"ಯಾಕೆ ಅತ್ತೆ?"

"ನನ್ನ ಕೂಸು ಹೋದಾಗ ನಂಗೇನಂದ್ರು ಗೊತ್ತಾ? ಇವಳ ಹೊಟ್ಟೇಲೇ ದೋಷ ಅಂದ್ರು. ನಿನ್ನ ಗಂಡ ಹುಟ್ಟಿ ಓಡಾಡೋವರೆಗೂ ಅಂದ್ರು. ನನ್ನ ತಮ್ಮನ ಮಗಳ ಕಿವಿಗೆ ಆ ಮಾತು ಬೀಳೋದು ಬೇಡ ಅಂತ. ಮೆಂತ್ಯ ಅಂದ್ರೆ ನನ್ನ ಮೇಲೆ ಬರುತ್ತೆ. ನಂಗೇನು, ವಯಸ್ಸಾಗಿತ್ತು."

ಅವರು ಸುಮ್ಮನೆ ಒಂದು ಹುರುಳಿಕಾಯಿ ಮುರಿದರು. ಆಮೇಲೆ ತಾವಾಗಿಯೇ ಲೆಕ್ಕ ಹಾಕತೊಡಗಿದರು. "ನಾನು, ನನ್ನ ತಮ್ಮ, ನನ್ನ ಯಜಮಾನರು. ಮೂವರಿಗೂ ನಮ್ಮಮ್ಮನ ತವರೇ ಬೇರು. ಅಲ್ಲಿಂದಲೇ ಬಂದದ್ದು ಅಲ್ವೇನೇ? ಗೊತ್ತಿದ್ದೂ ನಿನ್ನ ತಂದ್ಕೊಂಡೆ ಅನ್ಬೇಡ. ಹೊಟ್ಟೆ ದೋಷ ಅಂತ ಮಾತ್ರ ಗೊತ್ತಿತ್ತು. ಮನೆ ದೋಷ ಅಂತ ಯಾರೂ ಹೇಳಲಿಲ್ಲ."

ಹೇಳಬಾರದೆಂದು ನಾನು ಹಿಡಿದಿಟ್ಟುಕೊಂಡಿದ್ದ ಅರ್ಧವನ್ನು ಅವರೇ ಹೇಳಿ ಮುಗಿಸಿದ್ದರು. ನಾನು ಎದ್ದು ಅವರ ಪಕ್ಕ ಕೂತು, "ಅನ್ನಲ್ಲ ಅತ್ತೆ" ಎಂದೆ.

"ಇನ್ನೊಂದಿದೆ. ಆಸ್ಪತ್ರೇಲಿ ಡಾಕ್ಟರಮ್ಮ ಕೇಳಿದ್ರು, ಮೊದಲು ಮನೇಲಿ ಯಾವುದಾದ್ರೂ ಕೂಸು ಹೀಗೆ ಹೋಗಿದೆಯಾ ಅಂತ. ಹಿಂದೀಲಿ ಕೇಳಿದ್ರು. ನಂಗೆ ಅರ್ಥ ಆಗಿತ್ತು. ಇಲ್ಲ ಅಂತ ತಲೆ ಅಲ್ಲಾಡಿಸಿದೆ." ನನ್ನ ಮೊಣಕೈ ಹಿಡಿದುಕೊಂಡರು. "ಹೇಳಿದ್ರೆ ಉಳೀತಿತ್ತೇನೇ?"

ಇಷ್ಟು ವರ್ಷ ಅವರು ಹೊತ್ತಿದ್ದದ್ದು ಇದನ್ನು. ಮೆಂತ್ಯ ಊರವರಿಗೆ ತೋರಿಸಿದ ಗಂಟು, ಒಳಗಿನದು ಬೇರೆ. ಹಾಲಿನ ಪುಡಿಯ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಡಾಕ್ಟರಿಗೆ ಹೊಳೆಯುತ್ತಿತ್ತೋ, ಹೊಳೆದಿದ್ದರೆ ಪುಡಿ ಸಿಗುತ್ತಿತ್ತೋ, ಓದಿದ ಆ ಹುಡುಗಿಯೇ ಗೊತ್ತಿಲ್ಲ ಎಂದಿದ್ದಳು. ಸರಿಯಾಗಿ ಹೇಳಬೇಕೆಂದರೆ ಆ ಜಾಗ ನಾನು ಖಾಲಿ ಬಿಡಬೇಕಿತ್ತು.

"ಇಲ್ಲ ಅತ್ತೆ. ಉಳೀತಿರಲಿಲ್ಲ. ಅದಕ್ಕೆ ಆಗ ಇಲ್ಲಿ ಏನೂ ಇರಲಿಲ್ಲ."

ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಂಬಿದರೋ, ನನಗಾಗಿ ನಂಬಿದಂತೆ ಇದ್ದರೋ ಇಂದಿಗೂ ತಿಳಿಯದು. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಎಲ್ಲಿಟ್ಟಿದಾರೆ ಕೂಸನ್ನ? ನಂಗೆ ನೋಡಬೇಕು" ಎಂದರು.

ಹೆಂಗಸರು ಹೋಗುವುದಿಲ್ಲ ಎಂದು ನಮ್ಮವರು ಒಂದು ಮಾತು ಅಂದರು, ಎರಡನೆಯದು ಅನ್ನಲಿಲ್ಲ. ಮುಂದಿನ ವಾರ ಮೂವರೂ ಆಟೋ ಮಾಡಿಕೊಂಡು ಹೋದೆವು. ಮಕ್ಕಳನ್ನು ಹೂಳುವ ಜಾಗ ಊರಿನ ಹೊರಗಿತ್ತು. ಈಗ ಸುತ್ತ ಗೋಡೆ ಎದ್ದಿತ್ತು, ಹೊರಗೆ ಲಾರಿಗಳು ನಿಂತಿದ್ದವು. ನಮ್ಮವರು ಗೇಟಿನೊಳಗೆ ಹೋಗಿ ಆ ಕಡೆ ಈ ಕಡೆ ನೋಡಿದರು. ಇಲ್ಲೊಂದು ಬೇವಿನ ಮರ ಇತ್ತು ಎಂದರು. ಮರ ಇರಲಿಲ್ಲ. ಇನ್ನೊಂದು ಕಡೆ ಹೋಗಿ, ಇಲ್ಲಿರಬೇಕು ಎಂದರು. ಆಮೇಲೆ ನಮಗೆ ಬೆನ್ನು ಮಾಡಿ ನಿಂತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಾವಲಿನ ಮುದುಕ ಎದ್ದು ಬಂದ. ನಮ್ಮನ್ನು ಬಯ್ಯುತ್ತಾನೇನೋ ಎಂದುಕೊಂಡೆ. ಅವನು ಅತ್ತೆಯ ವಯಸ್ಸು ನೋಡಿ ಸಣ್ಣ ದನಿಯಲ್ಲಿ, "ಮಾತಾಜೀ, ನಿಶಾನ್ ತೋ ಯಹಾಂ ಕಿಸೀ ಕಾ ನಹೀಂ ರಹತಾ" ಎಂದ. ಗುರುತು ಇಲ್ಲಿ ಯಾರದೂ ಉಳಿಯುವುದಿಲ್ಲ.

"ಅಚ್ಛಾ" ಎಂದರು ಅತ್ತೆ. ಚಪ್ಪಲಿ ಬಿಟ್ಟು, ನನ್ನ ಹೆಗಲು ಹಿಡಿದು ಮೆಲ್ಲಗೆ ನೆಲದ ಮೇಲೆ ಕೂತರು. ಅಂಗೈಯನ್ನು ಮಣ್ಣಿನ ಮೇಲಿಟ್ಟರು.

"ಏಕ್ ಬಚ್ಚಾ ಥಾ?" ಮುದುಕ ಕೇಳಿದ.

"ದೋ" ಎಂದರು ಅತ್ತೆ.

ನಮ್ಮವರು ತಿರುಗಿ ನೋಡಿದರು. ಆಮೇಲೆ ಹೇಳುತ್ತೇನೆ ಎಂದು ನಾನು ಕೈಸನ್ನೆ ಮಾಡಿದೆ.

"ದೋನೋಂ ಯಹೀಂ?" ಎರಡೂ ಇಲ್ಲೇನಾ ಎಂದ.

ಅತ್ತೆಯ ಆ ಇನ್ನೊಂದು ಕೂಸು ತಿಪಟೂರಿನ ಕಡೆಯ ಯಾವುದೋ ಹೊಲದ ಬದುವಿನಲ್ಲಿತ್ತು. ಅದನ್ನು ಇಟ್ಟ ಜಾಗವನ್ನೂ ಅವರಿಗೆ ಯಾರೂ ತೋರಿಸಿರಲಿಲ್ಲ.

"ಹಾಂ ಭಯ್ಯಾ" ಎಂದರು. "ಯಹೀಂ."

ಮುದುಕ ತಲೆಯಾಡಿಸಿ, ನಮ್ಮನ್ನು ನಮ್ಮ ಪಾಡಿಗೆ ಬಿಟ್ಟು ತನ್ನ ಜಾಗಕ್ಕೆ ಹೋಗಿ ಕೂತ. ಬಿಸಿಲು ಏರುತ್ತಿತ್ತು. ಸಾಕೇನೋ ಅತ್ತೆ, ಹೋಗೋಣವೇ ಎಂದು ಕೇಳಿದೆ. "ಇರೇ ಸ್ವಲ್ಪ" ಎಂದರು. ನಾನೂ ಪಕ್ಕದಲ್ಲಿ ಕೂತೆ.